ಹರಸಿದವರು ಹಿಂದೆ ಬರಲಿಲ್ಲ

ಎರಡು ವರ್ಷ ನಾನು ಒಂದು ಖಾಸಗಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ. ಕಾಯಂ ಕೆಲಸವೇನಲ್ಲ. ಪ್ರತಿ ಜೂನ್‌ನಲ್ಲಿ ಒಂದು ಆದೇಶ ಪತ್ರ ಕೈಗೆ ಬರಬೇಕು. ಬಂದರೆ ಇನ್ನೊಂದು ವರ್ಷ ನಿಶ್ಚಿಂತೆ. ನನ್ನನ್ನು ಅಲ್ಲಿಗೆ ಸೇರಿಸಿದ್ದು ಆಡಳಿತ ಮಂಡಳಿಯ ಒಬ್ಬ ಹಿರಿಯರು. ಅವರಿಗೆ ನನ್ನ ಪಾಠ ಇಷ್ಟ, ನನಗೆ ಅವರ ಮೇಲೆ ಪೂರ್ತಿ ಭರವಸೆ. ಆ ಭರವಸೆಯಲ್ಲೇ ಬೇರೆ ಕಡೆ ಅರ್ಜಿ ಹಾಕಲಿಲ್ಲ, ಪರೀಕ್ಷೆಗೂ ಓದಲಿಲ್ಲ. ನಡುವೆ ಒಂದು ಮೀಟಿಂಗಿನಲ್ಲಿ ಅವರ ಎದುರೇ ದನಿ ಏರಿಸಿ ಮಾತಾಡಿದ್ದೆ. ಅವರು ನಕ್ಕು ಸುಮ್ಮನಾಗಿದ್ದರು. ಮೂರನೇ ಜೂನ್‌ನಲ್ಲಿ ಪತ್ರ ಬರಲಿಲ್ಲ.

ಆ ರಾತ್ರಿ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಲೆಂದು ಉದ್ದನೆಯ ಮೆಸೇಜು ಟೈಪ್ ಮಾಡಿದೆ. ಬೆಳಗ್ಗೆ ಎಲ್ಲರೂ ಗೇಟಿನ ಮುಂದೆ ಸೇರಬೇಕು, ನನಗಾದ ಅನ್ಯಾಯ ಕೇಳಬೇಕು ಎಂಬುದು ಅದರ ಸಾರ. ಗ್ರೂಪಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳು. ಶಿಕ್ಷಕರ ದಿನಾಚರಣೆಯಂದು ನನ್ನ ಫೋಟೊಗೆ ಹೃದಯದ ಇಮೋಜಿಗಳನ್ನು ಸುರಿದವರು. ಕರೆದರೆ ಬಾರದೇ ಇರುತ್ತಾರೆಯೇ?

ಕಳಿಸುವ ಗುಂಡಿ ಒತ್ತುವ ಮೊದಲು, ಯಾಕೋ ಏನೋ, ಒಬ್ಬ ಮನುಷ್ಯ ನೆನಪಾದ. ಅವನ ಬಗ್ಗೆ ಅದೇ ಮಕ್ಕಳಿಗೆ ನಾನೇ ಪಾಠ ಮಾಡಿದ್ದೆ. ನೋಟ್ಸಿನಲ್ಲಿ ಇದ್ದದ್ದು ಎರಡೇ ಸಾಲು: 1601ರಲ್ಲಿ ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ವಿರುದ್ಧ ಎಸೆಕ್ಸ್‌ನ ಅರ್ಲ್ ದಂಗೆ ಎದ್ದ, ದಂಗೆ ವಿಫಲವಾಯಿತು. ಐದು ಅಂಕಕ್ಕೆ ಅಷ್ಟು ಸಾಕು. ಆದರೆ ಆ ಎರಡು ಸಾಲಿನ ಹಿಂದೆ 35 ವರ್ಷದ ಒಂದು ಬದುಕಿದೆ. ಅದನ್ನು ಆ ರಾತ್ರಿ ಮತ್ತೆ ಓದುತ್ತಾ ಕುಳಿತೆ. ಗೆಳೆಯರೇ, ಅದನ್ನೇ ನಿಮಗೂ ಹೇಳಬೇಕು ಅನಿಸಿದೆ.

ಅವನ ಹೆಸರು ರಾಬರ್ಟ್ ಡೆವರೋ. ಹುಟ್ಟಿದ್ದು 1565ರ ನವೆಂಬರ್‌ನಲ್ಲಿ. ಅರ್ಲ್ ಎಂದರೆ ಇಂಗ್ಲೆಂಡಿನ ದೊಡ್ಡ ಶ್ರೀಮಂತ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬರುವ ಪದವಿ. ಇವನಿಗೆ ಪದವಿ ಬಂತು, ಶ್ರೀಮಂತಿಕೆ ಬರಲಿಲ್ಲ. ತಂದೆ ಐರ್ಲೆಂಡಿನಲ್ಲಿ ಜಮೀನು ಗೆದ್ದು ನೆಲೆ ಊರುವ ಸಾಹಸಕ್ಕೆ ಆಸ್ತಿಯನ್ನೆಲ್ಲ ಸುರಿದು, 1576ರಲ್ಲಿ ಡಬ್ಲಿನ್‌ನಲ್ಲಿ ರಕ್ತಭೇದಿಯಿಂದ ತೀರಿಕೊಂಡ. ಉಳಿದದ್ದು ಸಾಲ. ಹತ್ತು ವರ್ಷದ ಹುಡುಗ ರಾಣಿಯ ಹಿರಿಯ ಮಂತ್ರಿ ವಿಲಿಯಂ ಸೆಸಿಲ್‌ನ ಪಾಲನೆಗೆ ಬಂದ. ಅದೇ ಮನೆಯಲ್ಲಿ ಸೆಸಿಲ್‌ನ ಸ್ವಂತ ಮಗನೂ ಇದ್ದ, ರಾಬರ್ಟ್ ಸೆಸಿಲ್ ಎಂಬ ಗಿಡ್ಡ, ಬೆನ್ನು ಬಾಗಿದ ಹುಡುಗ. ಈ ಇಬ್ಬರು ರಾಬರ್ಟ್‌ಗಳ ಕಥೆ ಮುಂದೆ ಒಂದನ್ನೊಂದು ಬಿಡದೆ ಹೆಣೆದುಕೊಳ್ಳುತ್ತದೆ.

ಎಸೆಕ್ಸ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ 1581ರಲ್ಲಿ ಎಂ.ಎ. ಪದವಿ ಪಡೆದ. ಅಷ್ಟರಲ್ಲಿ ಅವನ ತಾಯಿ ಲೆಟಿಸ್, ರಾಣಿಗೆ ಬಹಳ ಬೇಕಾದವನಾಗಿದ್ದ ಲೆಸ್ಟರ್ ಅರ್ಲ್‌ನನ್ನು ಮದುವೆಯಾಗಿದ್ದಳು. ಆ ಕೋಪಕ್ಕೆ ರಾಣಿ ಅವಳನ್ನು ಅರಮನೆಯಿಂದ ದೂರವಿಟ್ಟಳು. ಆದರೆ ಮಲತಂದೆ ಲೆಸ್ಟರ್ ಇವನ ಕೈ ಹಿಡಿದ. 1586ರಲ್ಲಿ ನೆದರ್ಲೆಂಡ್ಸ್‌ನ ಜುಟ್‌ಫೆನ್ ಕಾಳಗದಲ್ಲಿ ಹುಡುಗ ಧೈರ್ಯದಿಂದ ಹೋರಾಡಿ ನೈಟ್ ಪದವಿ ಪಡೆದ. ಮರುವರ್ಷ, 21ನೇ ವಯಸ್ಸಿಗೇ, ರಾಣಿಯ ಕುದುರೆ ಲಾಯದ ಮುಖ್ಯಸ್ಥನಾದ. ಕೇಳಲು ಸಣ್ಣದೆನಿಸಿದರೂ ಅದು ಅರಮನೆಯ ಬಹುದೊಡ್ಡ ಹುದ್ದೆಗಳಲ್ಲಿ ಒಂದು. ರಾಣಿ ಹೊರಗೆ ಹೊರಟಾಗಲೆಲ್ಲ ಪಕ್ಕದಲ್ಲೇ ಇರುವ ಅವಕಾಶ. ಆಗ ರಾಣಿಗೆ 53 ವರ್ಷ. ಎತ್ತರದ, ಚೆಲುವಾದ, ಮಾತು ಬಲ್ಲ ಈ ಹುಡುಗ ಆಕೆಯ ಕಣ್ಮಣಿಯಾದ.

ಅಂದಿನ ಇಂಗ್ಲೆಂಡಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಇರಲಿಲ್ಲ, ಮೆರಿಟ್ ಲಿಸ್ಟ್ ಇರಲಿಲ್ಲ. ಸೇನೆಯ ಹುದ್ದೆ, ನ್ಯಾಯಾಲಯದ ಹುದ್ದೆ, ಜಮೀನು, ಸುಂಕ ವಸೂಲಿಯ ಹಕ್ಕು, ಎಲ್ಲವೂ ರಾಣಿಯ ಕೃಪೆಯಿಂದಲೇ ಬರಬೇಕು. ರಾಣಿಯ ಕಿವಿಗೆ ಮಾತು ಮುಟ್ಟಿಸಬಲ್ಲವನ ಹಿಂದೆ ನೂರಾರು ಜನ ಕೆಲಸಕ್ಕಾಗಿ ಅಲೆಯುತ್ತಿದ್ದರು. ಎಸೆಕ್ಸ್‌ನ ಹಿಂದೆಯೂ ಅಂಥ ದಂಡು ಸೇರಿತು. ರಾಣಿ ಅವನಿಗೆ ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಹೊರದೇಶಗಳಿಂದ ಬರುವ ಸಿಹಿ ವೈನ್ ಮೇಲಿನ ಸುಂಕದ ಗುತ್ತಿಗೆ. ಅರಮನೆಗೆ ಇಂತಿಷ್ಟು ಹಣ ಕಟ್ಟಿದರೆ ವಸೂಲಾದ ಮಿಕ್ಕ ಸುಂಕವೆಲ್ಲ ಅವನದೇ. ಹಿಂದೆ ಅದು ಮಲತಂದೆ ಲೆಸ್ಟರ್‌ನ ಕೈಯಲ್ಲಿತ್ತು. ಆ ಹಣದ ಬಲದ ಮೇಲೆಯೇ ಎಸೆಕ್ಸ್ ಸಾಲ ಮಾಡಿದ, ಮನೆ ನಡೆಸಿದ, ಹಿಂಬಾಲಕರನ್ನು ಸಾಕಿದ. ಆದರೆ ಅದಕ್ಕೊಂದು ಅವಧಿ ಇತ್ತು. 1600ರ ಸೆಪ್ಟೆಂಬರ್ ಕೊನೆಗೆ ಗುತ್ತಿಗೆ ಮುಗಿಯುತ್ತಿತ್ತು. ಈ ದಿನಾಂಕ ನೆನಪಿಟ್ಟುಕೊಳ್ಳಿ.

ರಾಣಿ ಕೊಟ್ಟಳು, ಇವನು ಆಗಾಗ ಮೀರಿದ. 1589ರಲ್ಲಿ ಅಪ್ಪಣೆಯಿಲ್ಲದೆ ಪೋರ್ಚುಗಲ್ ದಂಡಯಾತ್ರೆಗೆ ಓಡಿಹೋದ. 1590ರಲ್ಲಿ ಫಿಲಿಪ್ ಸಿಡ್ನಿಯ ವಿಧವೆ ಫ್ರಾನ್ಸಿಸ್‌ಳನ್ನು ಗುಟ್ಟಾಗಿ ಮದುವೆಯಾದ. ಪ್ರತಿಸಲ ರಾಣಿ ಸಿಟ್ಟಾದಳು, ಪ್ರತಿಸಲ ಕ್ಷಮಿಸಿದಳು. ಇದರಿಂದ ಅವನು ಕಲಿತ ಪಾಠವೇ ತಪ್ಪಾಯಿತೆಂದು ನನಗೆ ಅನಿಸುತ್ತದೆ. ಎಷ್ಟು ಎಳೆದರೂ ಹಗ್ಗ ಹರಿಯುವುದಿಲ್ಲ ಎಂದು ಅವನು ನಂಬಿಬಿಟ್ಟ.

1596ರಲ್ಲಿ ಅವನ ಕೀರ್ತಿ ತುತ್ತತುದಿಗೆ ಏರಿತು. ಇಂಗ್ಲಿಷ್ ಪಡೆ ಸ್ಪೇನಿನ ಕಾಡಿಜ್ ಬಂದರನ್ನು ವಶಪಡಿಸಿಕೊಂಡಿತು. ಲಂಡನ್ನಿನ ಬೀದಿಗಳಲ್ಲಿ ಅವನೇ ವೀರ. ಆದರೆ ಅವನು ಕಾಡಿಜ್‌ನಲ್ಲಿ ಕತ್ತಿ ಝಳಪಿಸುತ್ತಿದ್ದ ದಿನಗಳಲ್ಲೇ ಇತ್ತ ರಾಣಿ ರಾಬರ್ಟ್ ಸೆಸಿಲ್‌ನನ್ನು ತನ್ನ ಕಾರ್ಯದರ್ಶಿಯಾಗಿ ನೇಮಿಸಿದಳು. ಅಲ್ಲಿಂದ ಕಾಗದ ಪತ್ರವೆಲ್ಲ ಸೆಸಿಲ್‌ನ ಮೇಜಿನ ಮೇಲೆ. ಎಸೆಕ್ಸ್‌ಗೆ ಜನರ ಜೈಕಾರ, ಸೆಸಿಲ್‌ಗೆ ಕಡತ. ಎಸೆಕ್ಸ್‌ನ ಆಶ್ರಯದಲ್ಲಿದ್ದ ಫ್ರಾನ್ಸಿಸ್ ಬೇಕನ್ ಇದನ್ನು ಆಗಲೇ ಕಂಡಿದ್ದ. ಸೇನಾಪತಿಯ ಮೆರೆದಾಟ ಮತ್ತು ಜನಪ್ರಿಯತೆ ರಾಣಿಗೆ ಭಯ ಹುಟ್ಟಿಸುತ್ತವೆ, ಅದನ್ನು ಬಿಟ್ಟು ಆಡಳಿತದ ಕೆಲಸ ಹಿಡಿ ಎಂದು ಬುದ್ಧಿ ಹೇಳಿದ. ಎಸೆಕ್ಸ್ ಕೇಳಲಿಲ್ಲ. ತನ್ನವರಿಗೆ ಹುದ್ದೆ ಕೊಡಿಸಲೂ ಅವನಿಂದ ಆಗುತ್ತಿರಲಿಲ್ಲ. ಇದೇ ಬೇಕನ್‌ಗೆ ಅಟಾರ್ನಿ ಜನರಲ್ ಹುದ್ದೆ ಕೊಡಿಸಲು ತಿಂಗಳುಗಟ್ಟಲೆ ರಾಣಿಯ ಬೆನ್ನು ಬಿದ್ದಿದ್ದ. 1594ರಲ್ಲಿ ಅದು ಎಡ್ವರ್ಡ್ ಕೋಕ್‌ನ ಪಾಲಾಗಿತ್ತು.

1598ರಲ್ಲಿ ಐರ್ಲೆಂಡಿಗೆ ಯಾರನ್ನು ಕಳಿಸಬೇಕೆಂಬ ಚರ್ಚೆ ನಡೆದಾಗ ಅವನು ಸಿಟ್ಟಿನಿಂದ ರಾಣಿಗೆ ಬೆನ್ನು ತಿರುಗಿಸಿದನಂತೆ. ಆಕೆ ಕಪಾಳಕ್ಕೆ ಬಾರಿಸಿದಳಂತೆ, ಇವನ ಕೈ ಕತ್ತಿಯ ಹಿಡಿಗೆ ಹೋಯಿತಂತೆ. ಆ ಕಾಲದ ಚರಿತ್ರೆಕಾರರು ಹೀಗೆ ಬರೆದಿದ್ದಾರೆ. ಅದೇ ಆಗಸ್ಟ್‌ನಲ್ಲಿ ಐರ್ಲೆಂಡಿನ ಬಂಡಾಯ ನಾಯಕ ಹ್ಯೂ ಒ’ನೀಲ್ ಯೆಲ್ಲೊ ಫೋರ್ಡ್ ಎಂಬಲ್ಲಿ ಇಂಗ್ಲಿಷ್ ಸೇನೆಯನ್ನು ನುಚ್ಚುನೂರು ಮಾಡಿದ. ಈಗ ಹೋಗಲೇಬೇಕಾದವನು ಎಸೆಕ್ಸ್.

1599ರ ಮಾರ್ಚ್ 27ರಂದು ಅವನು ಲಂಡನ್ನಿನಿಂದ ಹೊರಟ. ದಾರಿಯ ಎರಡೂ ಬದಿಗೆ ಮೈಲಿಗಟ್ಟಲೆ ಜನ ನಿಂತು ಹರಸಿ ಕಳಿಸಿದರು. ಅವನ ಕೈಗೆ ಸಿಕ್ಕಿದ್ದು ಸುಮಾರು 16,000 ಕಾಲಾಳು, 1,300 ಕುದುರೆ ಸವಾರರ ಸೇನೆ. ಅಷ್ಟು ದೊಡ್ಡ ಸೇನೆ ಐರ್ಲೆಂಡಿಗೆ ಅದುವರೆಗೆ ಹೋಗಿರಲಿಲ್ಲ. ಆದರೆ ಒ’ನೀಲ್ ಇದ್ದದ್ದು ಉತ್ತರದ ಅಲ್ಸ್ಟರ್‌ನಲ್ಲಿ, ಎಸೆಕ್ಸ್ ದಂಡೆತ್ತಿ ಹೋದದ್ದು ದಕ್ಷಿಣಕ್ಕೆ. ರೋಗ, ಮಳೆ, ಅಲ್ಲಲ್ಲಿ ಬಿಟ್ಟುಬಂದ ಕಾವಲು ಪಡೆ ಇವೆಲ್ಲ ಸೇನೆಯನ್ನು ಕರಗಿಸಿದವು. ಗೆಲುವು ಸಿಗದಿದ್ದರೂ ತನ್ನ ಹಿಂಬಾಲಕರಲ್ಲಿ ಸುಮಾರು 80 ಮಂದಿಗೆ ನೈಟ್ ಪದವಿ ಹಂಚಿದ. ಕೊನೆಗೆ ಸೆಪ್ಟೆಂಬರ್ 7ರಂದು ಒಂದು ಹೊಳೆಯ ದಾಟಿನಲ್ಲಿ ಒ’ನೀಲ್‌ನನ್ನು ಒಬ್ಬನೇ ಭೇಟಿಯಾಗಿ ಕದನವಿರಾಮಕ್ಕೆ ಒಪ್ಪಿಕೊಂಡ. ಶತ್ರುವಿನ ಜೊತೆ ಸಾಕ್ಷಿಯಿಲ್ಲದ ಮಾತುಕತೆ! ಲಂಡನ್ನಿನಲ್ಲಿ ಅನುಮಾನದ ಹೊಗೆ ಎದ್ದಿತು.

ವೈರಿಗಳು ರಾಣಿಯ ಕಿವಿ ಕಚ್ಚುತ್ತಿದ್ದಾರೆ, ಎದುರಿಗೆ ಹೋಗಿ ನಿಂತರೆ ಎಲ್ಲ ಸರಿಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ. ಅಪ್ಪಣೆಯಿಲ್ಲದೆ ಬರಕೂಡದೆಂಬ ಆಜ್ಞೆಯಿದ್ದರೂ ಹೊರಟುಬಂದ. ಸೆಪ್ಟೆಂಬರ್ 28ರ ಬೆಳಗ್ಗೆ ನಾನ್‌ಸಚ್ ಅರಮನೆಗೆ ಬಂದು, ಕೆಸರು ಮೆತ್ತಿದ ಬಟ್ಟೆಯಲ್ಲೇ ರಾಣಿಯ ಮಲಗುವ ಕೋಣೆಗೆ ನುಗ್ಗಿದ. ಆಕೆ ಇನ್ನೂ ಅಲಂಕಾರ ಮಾಡಿಕೊಂಡಿರಲಿಲ್ಲ, ತಲೆಗೆ ವಿಗ್ ಇರಲಿಲ್ಲ. ರಾಣಿ ಆ ಕ್ಷಣ ಶಾಂತವಾಗಿಯೇ ಮಾತಾಡಿಸಿ ಕಳಿಸಿದಳು. ಸಂಜೆಯ ಹೊತ್ತಿಗೆ ಅವಳ ಮನಸ್ಸು ಬೇರೆಯಾಗಿತ್ತು. ಅಂದಿನ ನಂತರ ಎಸೆಕ್ಸ್ ಅವಳ ಮುಖ ಮತ್ತೆ ನೋಡಲೇ ಇಲ್ಲ.

ತಿಂಗಳುಗಟ್ಟಲೆ ಗೃಹಬಂಧನ. 1600ರ ಜೂನ್‌ನಲ್ಲಿ ವಿಚಾರಣೆ ನಡೆದು ಮುಖ್ಯ ಹುದ್ದೆಗಳು ಹೋದವು. ಆಗಸ್ಟ್‌ನಲ್ಲಿ ಬಿಡುಗಡೆ ಸಿಕ್ಕಿತು, ಅರಮನೆಗೆ ಮಾತ್ರ ಪ್ರವೇಶವಿಲ್ಲ. ಈಗ ಅವನು ನೆಚ್ಚಿಕೊಂಡದ್ದು ವೈನ್ ಸುಂಕದ ಗುತ್ತಿಗೆಯನ್ನು. ಸಾಲಗಾರರು ಬಾಗಿಲಲ್ಲಿದ್ದರು. ಅವನು ರಾಣಿಗೆ ಪತ್ರದ ಮೇಲೆ ಪತ್ರ ಬರೆದ. ಅವಧಿ ಮುಗಿಯಿತು. ಗುತ್ತಿಗೆಯನ್ನು ತಾನೇ ಇಟ್ಟುಕೊಳ್ಳುವುದಾಗಿ ರಾಣಿ ಅಕ್ಟೋಬರ್ ಕೊನೆಗೆ ತೀರ್ಮಾನಿಸಿದಳು.

ಈ ಜಾಗಕ್ಕೆ ಬಂದಾಗ ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನವೀಕರಣವಾಗದ ಒಂದು ಕಾಗದ. ಅದು ಎಂಥ ಏಟು ಎಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ.

ದಂಗೆಯ ಕಾರಣಗಳನ್ನು ಪರೀಕ್ಷೆಗೆ ಬರೆಯುವಂತೆ ಪಟ್ಟಿ ಮಾಡಬಹುದು: ಸಾಲ, ಸೆಸಿಲ್ ಬಣದ ಏಕಸ್ವಾಮ್ಯ, ಐರ್ಲೆಂಡಿನ ಅವಮಾನ, ಮುಂದಿನ ರಾಜ ಯಾರೆಂಬ ಆತಂಕ. ರಾಣಿಗೆ ಮಕ್ಕಳಿರಲಿಲ್ಲ, ವಯಸ್ಸು 67 ದಾಟಿತ್ತು. ಸ್ಕಾಟ್ಲೆಂಡಿನ ರಾಜ ಜೇಮ್ಸ್‌ಗೆ ಎಸೆಕ್ಸ್ ಗುಟ್ಟಾಗಿ ಪತ್ರ ಬರೆಯುತ್ತಿದ್ದ, ಸೆಸಿಲ್ ಸಿಂಹಾಸನವನ್ನು ಸ್ಪೇನಿಗೆ ಮಾರುತ್ತಿದ್ದಾನೆಂದು ನಂಬಿದ್ದ. ಆದರೆ ಬೇರು ಒಂದೇ. ಅವನ ಬದುಕಿನ ಮನೆ ಒಂದೇ ಕಂಬದ ಮೇಲೆ ನಿಂತಿತ್ತು, ಆ ಕಂಬವನ್ನು ರಾಣಿ ಹಿಂದಕ್ಕೆ ತೆಗೆದುಕೊಂಡಳು. ಅವನೊಬ್ಬನದೇ ಅಲ್ಲ, ಅವನನ್ನು ನೆಚ್ಚಿಕೊಂಡ ಕೆಲಸವಿಲ್ಲದ ಸೈನಿಕರದ್ದೂ, ಸಾಲದಲ್ಲಿ ಮುಳುಗಿದ ಶ್ರೀಮಂತರ ಮಕ್ಕಳದ್ದೂ ಅದೇ ಗತಿ. ಅವರೆಲ್ಲ ಲಂಡನ್ನಿನ ಸ್ಟ್ರ್ಯಾಂಡ್ ಬೀದಿಯ ಎಸೆಕ್ಸ್ ಹೌಸ್‌ನಲ್ಲಿ ಸೇರತೊಡಗಿದರು. ಬಂದವರೆಲ್ಲ ನೊಂದವರೇ. ಒಬ್ಬರ ಸಿಟ್ಟು ಇನ್ನೊಬ್ಬರ ಸಿಟ್ಟಿಗೆ ಎಣ್ಣೆಯಾಯಿತು. ಬೇಡ ಎನ್ನುವವರು ಆ ಕೋಣೆಯಲ್ಲಿ ವಿರಳ.

ಅರಮನೆಗೆ ನುಗ್ಗಿ ರಾಣಿಯ ಮುಂದೆ ನಿಂತು ಸೆಸಿಲ್ ಬಣವನ್ನು ಕಿತ್ತುಹಾಕಿಸಬೇಕು ಎಂದು 1601ರ ಫೆಬ್ರುವರಿ ಮೊದಲ ವಾರದಲ್ಲಿ ಆಪ್ತರು ಮಾತಾಡಿಕೊಂಡರು. ಒಮ್ಮತವಾಗಲಿಲ್ಲ. ಫೆಬ್ರುವರಿ 7ರ ಶನಿವಾರ ಕೆಲವು ಹಿಂಬಾಲಕರು ಗ್ಲೋಬ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರ್‌ನ ತಂಡಕ್ಕೆ 40 ಶಿಲಿಂಗ್ ಹೆಚ್ಚಿಗೆ ಕೊಟ್ಟು, ಪಟ್ಟದಿಂದ ಇಳಿಸಲ್ಪಟ್ಟ ಎರಡನೇ ರಿಚರ್ಡ್ ರಾಜನ ನಾಟಕ ಆಡಿಸಿದರು. ಅರಮನೆ ಎಚ್ಚೆತ್ತಿತು. ಅಂದು ಸಂಜೆಯೇ ಮಂತ್ರಿಗಳ ಸಭೆಗೆ ಬರುವಂತೆ ಎಸೆಕ್ಸ್‌ಗೆ ಕರೆ ಬಂತು. ಅವನು ಹೋಗಲಿಲ್ಲ. ಇನ್ನು ಯೋಜನೆ ಮಾಡಲು ಸಮಯವಿರಲಿಲ್ಲ.

ಫೆಬ್ರುವರಿ 8, ಭಾನುವಾರ. ಬೆಳಗ್ಗೆ ರಾಣಿಯ ಕಡೆಯಿಂದ ನಾಲ್ವರು ಹಿರಿಯರು ವಿಚಾರಿಸಲು ಬಂದರು. ಒಬ್ಬ ಮುಖ್ಯ ನ್ಯಾಯಾಧೀಶ, ಇನ್ನೊಬ್ಬ ಎಸೆಕ್ಸ್‌ನ ಸ್ವಂತ ಸೋದರಮಾವ. ಅವರನ್ನು ಒಳಗೆ ಕೂಡಿಹಾಕಿ ಸುಮಾರು 200 ಜನರೊಂದಿಗೆ ಎಸೆಕ್ಸ್ ಬೀದಿಗಿಳಿದ. ಪಶ್ಚಿಮಕ್ಕೆ ತಿರುಗಿದ್ದರೆ ಅರಮನೆ, ಪೂರ್ವಕ್ಕೆ ತಿರುಗಿದರೆ ಲಂಡನ್ ನಗರ. ಅವನು ಪೂರ್ವಕ್ಕೆ ತಿರುಗಿದ. ತನ್ನನ್ನು ಮೈಲಿಗಟ್ಟಲೆ ನಿಂತು ಹರಸಿದ ಜನ ಅಲ್ಲಿದ್ದಾರೆ, ತಾನು ಕೂಗಿದರೆ ಬರುತ್ತಾರೆ ಎಂಬ ಭರವಸೆ. ಹೆಚ್ಚಿನವರ ಮೈಮೇಲೆ ಕವಚವಿಲ್ಲ, ಸಾಕಷ್ಟು ಕುದುರೆಗಳಿಲ್ಲ. ತನ್ನ ಕೊಲೆಗೆ ಸಂಚು ನಡೆದಿದೆ, ದೇಶವನ್ನು ಸ್ಪೇನಿಗೆ ಮಾರಲಾಗಿದೆ ಎಂದು ಕೂಗುತ್ತಾ ನಡೆದ.

ಜನ ಹೊರಗೆ ಬಂದರು, ನೋಡಿದರು. ಏನು ನಡೆಯುತ್ತಿದೆ ಎಂದೇ ಅವರಿಗೆ ಅರ್ಥವಾಗಲಿಲ್ಲ. ಹೇಳಿಕೊಳ್ಳುವಷ್ಟು ಯಾರೂ ಅವನ ಹಿಂದೆ ಬರಲಿಲ್ಲ.

ಅವನ ದೊಡ್ಡ ಆಸೆ ನಗರದ ಶೆರಿಫ್ ಥಾಮಸ್ ಸ್ಮಿಥ್ ಮೇಲಿತ್ತು. ಸ್ಮಿಥ್‌ನ ಕೈಕೆಳಗೆ 1,000 ತರಬೇತಾದ ಜನರಿದ್ದಾರೆ, ಅವರನ್ನು ಕೊಡುತ್ತಾನೆಂದು ಯಾರೋ ಹೇಳಿದ್ದರು. ಎಸೆಕ್ಸ್ ಮನೆ ತಲುಪುತ್ತಿದ್ದಂತೆ ಸ್ಮಿಥ್ ಹಿತ್ತಿಲ ಬಾಗಿಲಿಂದ ಹೊರಟು ಮೇಯರ್ ಬಳಿಗೆ ಹೋದ. ಈ ಸ್ಮಿಥ್ ಯಾರೆಂದು ಗೊತ್ತೇ? ಕೆಲವೇ ವಾರಗಳ ಹಿಂದೆ, 1600ರ ಡಿಸೆಂಬರ್ 31ರಂದು, ರಾಣಿಯಿಂದ ಸನ್ನದು ಪಡೆದಿದ್ದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್! ಮುಂದೆ ನಮ್ಮ ದೇಶವನ್ನೇ ಆಳಿದ ಅದೇ ಕಂಪನಿ. ಹೊಸ ವ್ಯಾಪಾರದ ಸನ್ನದು ಕೈಯಲ್ಲಿ ಹಿಡಿದ ವರ್ತಕ, ಎಲ್ಲ ಕಳೆದುಕೊಂಡ ಅರ್ಲ್ ಜೊತೆ ಯಾಕೆ ಹೋದಾನು? ಹಾಗಿದ್ದರೂ ಅನುಮಾನದ ಮೇಲೆ ಅವನು ಕೆಲಕಾಲ ಸೆರೆಮನೆ ಕಾಣಬೇಕಾಯಿತು.

ಅಷ್ಟರಲ್ಲಿ ಎಸೆಕ್ಸ್ ದ್ರೋಹಿ ಎಂಬ ಘೋಷಣೆ ನಗರದ ಬೀದಿಗಳಲ್ಲಿ ಮೊಳಗಿತು. ಅದನ್ನು ಕೇಳಿದ ಅವನ ಜನರೇ ಮೆಲ್ಲನೆ ಜಾರಿಕೊಂಡರು. ಸ್ಮಿಥ್ ಮನೆಯಲ್ಲಿ ಬೆವರಿಗೆ ತೊಯ್ದ ಅಂಗಿ ಬದಲಿಸಿ, ಹಿಂದಿರುಗಲು ಹೊರಟಾಗ ಲಡ್‌ಗೇಟ್ ಬಾಗಿಲಲ್ಲಿ ಪಡೆ ಅಡ್ಡ ನಿಂತಿತ್ತು. ಗುಂಡು ಹಾರಿದವು. ಅವನ ಮಲತಂದೆ ಕ್ರಿಸ್ಟೋಫರ್ ಬ್ಲೌಂಟ್ ಗಾಯಗೊಂಡು ಸೆರೆಸಿಕ್ಕ. ಲೆಸ್ಟರ್ ಸತ್ತ ಮೇಲೆ ತಾಯಿ ಮದುವೆಯಾಗಿದ್ದವನು ಇವನು. ಎಸೆಕ್ಸ್‌ನ ಸೇವೆಯಲ್ಲಿದ್ದ ಟ್ರೇಸಿ ಎಂಬ ಹುಡುಗ ಸತ್ತ. ಎಸೆಕ್ಸ್‌ನ ಟೋಪಿಯನ್ನು ಗುಂಡು ತೂರಿಹೋಯಿತು. ಅವನು ಥೇಮ್ಸ್ ನದಿಯಲ್ಲಿ ದೋಣಿ ಹಿಡಿದು ಮನೆಗೆ ಬಂದರೆ, ಕೂಡಿಹಾಕಿದ್ದ ನಾಲ್ವರನ್ನು ಅವನ ಕಡೆಯವನೇ ಬಿಟ್ಟುಕಳಿಸಿದ್ದ. ಕಾಗದ ಪತ್ರ ಸುಟ್ಟ. ಫಿರಂಗಿ ತಂದು ನಿಲ್ಲಿಸಿದಾಗ, ರಾತ್ರಿ ಹತ್ತರ ಸುಮಾರಿಗೆ ಶರಣಾದ. ಬೆಳಗ್ಗೆ ಶುರುವಾದ ದಂಗೆ ರಾತ್ರಿ ಊಟದ ಹೊತ್ತಿಗೆ ಮುಗಿದಿತ್ತು.

ಫೆಬ್ರುವರಿ 19ರಂದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ವಿಚಾರಣೆ. ವಾದ ಮಂಡಿಸಿದವನು ಅಂದು ಹುದ್ದೆ ಗೆದ್ದ ಎಡ್ವರ್ಡ್ ಕೋಕ್. ಅವನ ಪಕ್ಕದಲ್ಲೇ ನಿಂತು ಎಸೆಕ್ಸ್ ವಿರುದ್ಧ ವಾದಿಸಿದವನು ಫ್ರಾನ್ಸಿಸ್ ಬೇಕನ್, ಯಾರಿಗಾಗಿ ಎಸೆಕ್ಸ್ ಅಷ್ಟು ಓಡಾಡಿದ್ದನೋ ಅದೇ ಬೇಕನ್. ಮರಣದಂಡನೆ ಆಯಿತು. ಸೆರೆಯಲ್ಲಿ ಮನಸ್ಸು ಮುರಿದು, ತನ್ನ ಜೊತೆಗಿದ್ದವರ ಹೆಸರುಗಳನ್ನೆಲ್ಲ ಎಸೆಕ್ಸ್ ಬಾಯಿಬಿಟ್ಟ. ಸ್ವಂತ ಅಕ್ಕ ಪೆನೆಲೊಪಿಯನ್ನೂ ಬಿಡಲಿಲ್ಲ. ಫೆಬ್ರುವರಿ 25ರ ಬೆಳಗ್ಗೆ ಲಂಡನ್ ಟವರ್‌ನ ಒಳಗೆ ಮೂರು ಏಟಿಗೆ ಅವನ ತಲೆ ಬಿತ್ತು.

ನೋಟ್ಸು ಇಲ್ಲಿಗೆ ಮುಗಿಯುತ್ತದೆ. ಆದರೆ ನನ್ನನ್ನು ತಡೆದದ್ದು ಇದರ ಮುಂದಿನ ಪುಟ. ಮಾರ್ಚ್‌ನಲ್ಲಿ ಇನ್ನೂ ನಾಲ್ವರ ಪ್ರಾಣ ಹೋಯಿತು. ಬ್ಲೌಂಟ್ ಮತ್ತು ಚಾರ್ಲ್ಸ್ ಡ್ಯಾನ್ವರ್ಸ್ ತಲೆ ಕಡಿದರು. ಮನೆಯ ಮೇಲ್ವಿಚಾರಕ ಗೆಲ್ಲಿ ಮೆರಿಕ್, ಕಾರ್ಯದರ್ಶಿ ಹೆನ್ರಿ ಕಫ್ ಇಬ್ಬರನ್ನೂ ಟೈಬರ್ನ್‌ನಲ್ಲಿ ನೇಣಿಗೆ ಹಾಕಿದರು. ಈ ಕಫ್ ಹಿಂದೆ ಆಕ್ಸ್‌ಫರ್ಡ್‌ನಲ್ಲಿ ಗ್ರೀಕ್ ಪ್ರಾಧ್ಯಾಪಕನಾಗಿದ್ದವನು. ಪಾಠ ಬಿಟ್ಟು ದೊಡ್ಡವರ ನೆರಳಿಗೆ ಬಂದಿದ್ದ. ಎಸೆಕ್ಸ್‌ನ ಆಪ್ತ ಗೆಳೆಯ ಸೌತಾಂಪ್ಟನ್ ಅರ್ಲ್‌ಗೆ ಮಾತ್ರ ಜೀವದಾನ ಸಿಕ್ಕಿತು. 1603ರಲ್ಲಿ ರಾಣಿ ತೀರಿಕೊಂಡು ಜೇಮ್ಸ್ ಪಟ್ಟಕ್ಕೆ ಬಂದಾಗ ಅವನು ಹೊರಗೆ ಬಂದ. ಅಂದರೆ, ಎಸೆಕ್ಸ್ ಬಯಸಿದ್ದ ರಾಜನೇ ಬಂದ. ಎರಡು ವರ್ಷ ತಾಳಿದ್ದರೆ ಸಾಕಿತ್ತು. ಜೇಮ್ಸ್‌ನನ್ನು ಕರೆತರಲು ತೆರೆಮರೆಯಲ್ಲಿ ಎಲ್ಲ ಸಿದ್ಧ ಮಾಡಿದವನು ಅದೇ ರಾಬರ್ಟ್ ಸೆಸಿಲ್.

ಎಸೆಕ್ಸ್‌ಗೆ ಅನ್ಯಾಯವೇ ಆಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಎಲ್ಲರ ಅನ್ನವನ್ನೂ ಒಬ್ಬರ ಮನಸ್ಸಿಗೆ ಕಟ್ಟಿಹಾಕುವ ವ್ಯವಸ್ಥೆಯೇ ಅನ್ಯಾಯದ್ದು. ಅದನ್ನು ಪ್ರಶ್ನಿಸಲೇಬಾರದು ಎಂದೂ ಅಲ್ಲ. ಆದರೆ ಅವನು ಪ್ರಶ್ನಿಸಿದ್ದು ವ್ಯವಸ್ಥೆಯನ್ನಲ್ಲ, ಅದರಲ್ಲಿ ತನಗೆ ಜಾಗ ತಪ್ಪಿದ್ದನ್ನು. ಬೀದಿಯ ಜನಕ್ಕೆ ಅವನ ವೈನ್ ಸುಂಕದಿಂದ ಆಗಬೇಕಾದ್ದೇನಿತ್ತು?

ನನ್ನ ಮೆಸೇಜನ್ನು ಮತ್ತೆ ಓದಿದೆ. ಮೊದಲಿನಿಂದ ಕೊನೆಯವರೆಗೆ ನಾನು, ನನಗೆ, ನನ್ನ. ಹಾಜರಾತಿ, ಇಂಟರ್ನಲ್ ಮಾರ್ಕ್ಸು, ಹಾಲ್ ಟಿಕೆಟ್ ಎಲ್ಲ ಅದೇ ಆಡಳಿತದ ಕೈಯಲ್ಲಿರುವ, ಇನ್ನೂ ಇಪ್ಪತ್ತು ತುಂಬದ ಮಕ್ಕಳನ್ನು ನಾನು ಗೇಟಿಗೆ ಕರೆಯುತ್ತಿದ್ದೆ. ಯಾರೂ ಬರದಿದ್ದರೆ ಅವಮಾನ ನನಗೆ. ಆದರೆ ನಾಲ್ಕು ಜನ ಬಂದುಬಿಟ್ಟರೆ? ನಷ್ಟ ಆ ನಾಲ್ವರಿಗೆ. ಮೆಸೇಜು ಅಳಿಸಿದೆ.

ಮರುದಿನ ಕಾಲೇಜಿಗೆ ಹೋಗಿ ಅನುಭವ ಪ್ರಮಾಣಪತ್ರ, ಬಾಕಿ ಸಂಬಳ ಎರಡನ್ನೂ ಲಿಖಿತವಾಗಿ ಕೇಳಿದೆ. ಪ್ರಮಾಣಪತ್ರ ಸಿಕ್ಕಿತು, ಸಂಬಳಕ್ಕೆ ಎರಡು ತಿಂಗಳು ಅಲೆಸಿದರು. ಈಗ ಬೆಳಗ್ಗೆ ಲೈಬ್ರರಿಯಲ್ಲಿ ಕೆಸೆಟ್ ಪರೀಕ್ಷೆಗೆ ಓದುತ್ತೇನೆ, ಸಂಜೆ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಮೂರು ಕಡೆ ಅರ್ಜಿ ಹಾಕಿದ್ದೇನೆ, ಇನ್ನೂ ಯಾವುದೂ ಕೈಗೆ ಬಂದಿಲ್ಲ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿಕ್ಕಳು. ಎಸೆಕ್ಸ್ ದಂಗೆಯ ಪ್ರಶ್ನೆ ಪರೀಕ್ಷೆಗೆ ಬಂದಿತ್ತಂತೆ. ನಾನು ಕೊಟ್ಟಿದ್ದ ಎರಡು ಸಾಲು ಬರೆದಳಂತೆ. ಉಳಿದದ್ದನ್ನು ಬಸ್ಸು ಬರುವವರೆಗೆ ಹೇಳಿದೆ.